ಕೆಂಪಿಲ್ಲದ ಶಾಲೆ

ಮೂರು ತಿಂಗಳಿಂದ ಇಳಿಯುತ್ತಲೇ ಇದ್ದ ಗೆರೆ ಹದಿನೈದೇ ದಿನದಲ್ಲಿ ಸರ್ರನೆ ಮೇಲೆದ್ದು ಹಸಿರಿಗೆ ಬಂದು ಕೂತಿತ್ತು. ನೀಲಾಂಬಿಕೆ ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿ ಮತ್ತೆ ನೋಡಿದಳು. ಹಸಿರೇ. ತನುಜಾ ಬಡಿಗೇರ, ಎಂಟನೆಯ ತರಗತಿ, ಕಣವಿಹಾಳ. ಇನ್ನೊಂದು ವಾರದಲ್ಲಿ ಕೆಂಪಿಗೆ ಬೀಳಬೇಕಾಗಿದ್ದ ಹುಡುಗಿ. ಪರದೆಯ ಮೂಲೆಯಲ್ಲಿ ಯಂತ್ರ ತಾನಾಗಿಯೇ ಷರಾ ಬರೆದುಕೊಂಡಿತ್ತು: 'ಪೂರ್ಣ ಚೇತರಿಕೆ. ಕಡತ ಮುಕ್ತಾಯ.'

"ಚೇತರಿಕಿ ಅಂತ, ಇದರ ತಲಿ," ಎಂದಳು ನೀಲಾಂಬಿಕೆ. ಬೈದದ್ದು ಯಂತ್ರವನ್ನೇ ಆದರೂ ಪಕ್ಕದ ಮೇಜಿನ ಗುಮಾಸ್ತ ಬೆಚ್ಚಿ ತಲೆಯೆತ್ತಿದ.

ಆ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು ಮಾರುದ್ದದ್ದು. ಜನ ಕರೆಯುವುದು 'ಕಿವಿ' ಎಂದು. ಜಿಲ್ಲೆಯ ಪ್ರತಿ ತರಗತಿಯಲ್ಲೂ ಕರಿಹಲಗೆಯ ಮೇಲ್ಗಡೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಕಿವಿ ಇದೆ. ಬೆಳಗ್ಗೆ ಹಾಜರಿ ಕರೆಯುವ ಐದು ನಿಮಿಷ ಮಾತ್ರ ಅದಕ್ಕೆ ಎಚ್ಚರ. ಮಗು ಏನು ಹೇಳಿತು ಎಂಬುದು ಅದಕ್ಕೆ ಬೇಕಿಲ್ಲ. ಹೆಸರು ಕರೆದದ್ದಕ್ಕೂ ಮಗು ಓಗೊಟ್ಟದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು, ಬಾಯಿ ತೆರೆಯುವ ಮೊದಲು ಎಷ್ಟು ಉಸಿರು ಎಳೆಯಿತು, ಮಾತಿನ ಕೊನೆ ಎದ್ದಿತೋ ಬಿದ್ದಿತೋ, ಇಷ್ಟನ್ನೇ ಅಳೆದು ಅದೇ ಮಗುವಿನ ಹೋದ ವರ್ಷದ ದನಿಯೊಡನೆ ಹೋಲಿಸಿ ನೋಡುತ್ತದೆ. ಒಳಗೊಳಗೇ ಕುಸಿಯತೊಡಗಿದ ಮಗು ಓಗೊಡುವುದು ದಿನದಿನಕ್ಕೆ ಕೂದಲೆಳೆಯಷ್ಟು ತಡವಾಗುತ್ತ ಹೋಗುತ್ತದೆ. ಎಷ್ಟೋ ಸಲ ತಾಯಿಗೆ, ಮೇಷ್ಟರಿಗೆ ಗೊತ್ತಾಗುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಕೆಂಪು ಬಿದ್ದ ಮಗುವನ್ನು ಇಪ್ಪತ್ನಾಲ್ಕು ತಾಸಿನೊಳಗೆ ನೀಲಾಂಬಿಕೆಯಂಥ ಆಪ್ತಸಮಾಲೋಚಕಿ ಹೋಗಿ ಕಾಣಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ನಿಯಮ. ಆಮೇಲೆ ಹನ್ನೆರಡು ವಾರ, ವಾರಕ್ಕೊಮ್ಮೆ ಜತೆಗೆ ಕೂತು ಮಾತಾಡಿಸಬೇಕು, ಅಗತ್ಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇದು ನಿಜಕ್ಕೂ ಕೆಲಸ ಮಾಡಿತ್ತು. ನೀಲಾಂಬಿಕೆಯ ಸಿಟ್ಟಿಗೆಲ್ಲ ಮೂಲ ಅದೇ. ಕೈಲಾಗದ ಯಂತ್ರವಾಗಿದ್ದರೆ ಮೂಲೆಗೆ ಎಸೆದು ಮನೆಗೆ ಹೋಗಿ ಮಲಗಬಹುದಿತ್ತು. ಮೊದಲ ಎರಡು ವರ್ಷ ಅವಳು ಜತೆಗೆ ಕೂತ ಮಕ್ಕಳು ಈಗಲೂ ಪೇಟೆಯಲ್ಲಿ ಎದುರಾದರೆ 'ನೀಲಕ್ಕಾ' ಎಂದು ಕೂಗಿಕೊಂಡು ಓಡಿಬರುತ್ತಾರೆ. ಅವರಲ್ಲಿ ಕೆಲವರು ಇವತ್ತು ಇಲ್ಲದೇ ಹೋಗಬಹುದಿತ್ತು ಎಂಬುದು ಅವಳಿಗೆ ಗೊತ್ತು.

ಮೂರನೆಯ ವರ್ಷ ಜಂಟಿ ನಿರ್ದೇಶಕ ಗುಡಗುಂಟಿ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ತಿಂಗಳಿಡೀ ಒಂದೂ ಕೆಂಪು ಬೀಳದ ಶಾಲೆಗೆ 'ನಗುವ ಶಾಲೆ' ಎಂಬ ಹಿತ್ತಾಳೆ ಫಲಕ, ಅಲ್ಲಿಯ ಮಕ್ಕಳಿಗೆಲ್ಲ ಹಸಿರು ಕಾರ್ಡು, ಮುಖ್ಯೋಪಾಧ್ಯಾಯರಿಗೆ ಶಾಲು. ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನೀಲಾಂಬಿಕೆಯೂ ತಟ್ಟಿದಳು. ಅದನ್ನು ನೆನೆದರೆ ಈಗ ಅಂಗೈ ಉರಿಯುತ್ತದೆ.

ಅವಳು ತನುಜಾಳ ತರಗತಿಯ ಮಿಕ್ಕ ಮಕ್ಕಳ ಗೆರೆಗಳನ್ನೂ ತೆರೆದಳು. ಮೂವತ್ತೆಂಟು ಗೆರೆ. ಮೂವತ್ತೆಂಟೂ ಒಂದೇ ದಿನ ಏರತೊಡಗಿದ್ದವು, ಕವಾಯತಿಗೆ ನಿಂತವರ ಹಾಗೆ. ಯಾವ ಊರಿನಲ್ಲಿ ಮೂವತ್ತೆಂಟು ಮಕ್ಕಳ ಮನಸ್ಸು ಒಂದೇ ಮುಂಜಾನೆ ಅರಳುತ್ತದೆ? ಅವಳು ರಜೆ ಚೀಟಿ ಬರೆದಿಟ್ಟು ಸ್ಕೂಟರ್ ಹತ್ತಿದಳು.

ಕಣವಿಹಾಳದ ಶಾಲೆಯಲ್ಲಿ ಊಟದ ಗಂಟೆಗೆ ಇನ್ನೂ ಅರ್ಧ ತಾಸಿತ್ತು. ಮುಖ್ಯೋಪಾಧ್ಯಾಯಿನಿ ಸುಲೋಚನಾ ಪಟ್ಟಣಶೆಟ್ಟಿ ಗೇಟಿನ ತನಕ ಬಂದು ಕರೆದುಕೊಂಡರು. ಆ ಸೀಮೆಯಲ್ಲಿ ಕಲಿಸುವ ಹೆಂಗಸರೆಲ್ಲ ಮಕ್ಕಳಿಗೆ ಅಕ್ಕೋರು, ಇವರು ದೊಡ್ಡಕ್ಕೋರು.

"ಬರ್ರಿ ಬರ್ರಿ ಮೇಡಮ್ಮಾರ, ಭಾಳ ಚೊಲೊ ಹೊತ್ತಿನ್ಯಾಗ ಬಂದ್ರಿ. ನಮ್ಮ ತಾಲೀಮು ನೋಡೀರಂತ."

ಎಂಟನೆಯ ತರಗತಿಯಲ್ಲಿ ದೊಡ್ಡಕ್ಕೋರೇ ಫೂಟಪಟ್ಟಿ ಹಿಡಿದು ನಿಂತರು. ಪಟ್ಟಿ ಮೇಜಿಗೆ ಬಡಿದ ಕೂಡಲೇ ಒಂದು ಹೆಸರು, ಹೆಸರು ಮುಗಿಯುವುದರೊಳಗೆ "ಹಾಜರ್ ಅಕ್ಕೋರ!" ಮತ್ತೆ ಪಟ್ಟಿ, ಮತ್ತೆ ಹೆಸರು.

"ಎದಿ ಉಬ್ಬಸ್ರಿ. ಮೊದಲ ಉಸಿರು ತುಂಬ್ಕೊಂಡು ಕುಂದರ್ಬೇಕು. ಕೊನೀಗೆ ದನಿ ಮ್ಯಾಲ ಏರಸ್ರಿ. ಏ ಮಾಂತೇಶಾ, ನಗು ಎಲ್ಲಿ ಹೋತೋ? ಯಾರ ಸತ್ತಾರ?"

ಇನ್‌ಸ್ಪೆಕ್ಟರ್ ಬರುವ ದಿನಕ್ಕೆಂದು ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸುವುದು ನಮ್ಮ ಶಾಲೆಗಳಿಗೆ ಹೊಸದಲ್ಲ. ಜಾಣ ಹುಡುಗರನ್ನು ಮುಂದಿನ ಸಾಲಿಗೆ, ಮಂಕುಗಳನ್ನು ಕಂಬದ ಹಿಂದಕ್ಕೆ. ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನೇ ದೊಡ್ಡಕ್ಕೋರು ಈಗಲೂ ಮಾಡುತ್ತಿದ್ದರು. ಈ ಇನ್‌ಸ್ಪೆಕ್ಟರ್ ದಿನಾ ಬರುತ್ತದೆ, ಗೋಡೆಯ ಮೇಲೆ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ. ನೀಲಾಂಬಿಕೆಗೆ ಮೈಯೆಲ್ಲ ಹೊತ್ತಿಕೊಂಡಿತು. ಜ್ವರ ನೋಡುವ ಕಡ್ಡಿಯನ್ನು ತಣ್ಣೀರಿನಲ್ಲಿ ಅದ್ದಿ ತೋರಿಸಿ, ಜ್ವರ ಇಳಿಯಿತು ಎಂದು ಸಂಭ್ರಮ ಪಡುತ್ತಿದ್ದರು.

"ತನುಜಾ, ನೀ ತೋರ್ಸವ್ವ. ಇಕಿ ನಮ್ಮ ಶಾಲೀಗೇ ಮಾದರಿ ನೋಡ್ರಿ."

ಎರಡು ಜಡೆಯ ಬಡಕಲು ಹುಡುಗಿ ಎದ್ದು ನಿಂತಳು. ಹೆಸರು ಕರೆದರು. "ಹಾಜರ್ ಅಕ್ಕೋರ!" ದನಿ ಗಂಟೆ ಬಾರಿಸಿದಂತಿತ್ತು, ತುಟಿಯಲ್ಲಿ ಹಲ್ಲು ಕಾಣುವಷ್ಟು ನಗುವಿತ್ತು. ಕೂತ ಮರುಗಳಿಗೆ ನಗು ಇರಲಿಲ್ಲ. ಕೈಯೆರಡನ್ನೂ ತೊಡೆಯ ಕೆಳಗೆ ಸೇರಿಸಿಕೊಂಡು ಬೆಂಚಿನ ಮೇಲಿನ ಯಾವುದೋ ಗೀರನ್ನು ನೋಡುತ್ತ ಕೂತಳು.

"ಅಕ್ಕೋರ, ಈ ಹುಡುಗಿ ಜೋಡಿ ಹತ್ತು ಮಿನಿಟು ಕುಂದರ್ತೀನಿ."

ದೊಡ್ಡಕ್ಕೋರ ಮುಖ ಬಿಗಿಯಿತು. "ಹಸಿರು ಮಕ್ಕಳನ್ನ ಮಾತಾಡಸಾಕ ಇಲಾಖೆ ಪತ್ರ ಬೇಕಲ್ರೀ. ನಿಮ್ಮದ ನಿಯಮ. ನಾವೇನ್ ಕಳವು ಮಾಡೀವೇನು? ಮಕ್ಕಳು ಚುರುಕಾಗ್ಯಾವು. ಬರೂ ವಾರ ಮಂತ್ರಿಗಳ ಕೈಯಾಗ ಫಲಕ ತಗೊಳ್ಳೋದೈತಿ, ಈಗ ಬಂದು ಅಪಶಕುನ ನುಡೀಬ್ಯಾಡ್ರಿ."

ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ನೀಲಾಂಬಿಕೆ ಅಡುಗೆಮನೆಯ ಕಟ್ಟೆಗೆ ಬಂದು ಕೂತಳು. ಬಿಸಿಯೂಟ ಮಾಡುವ ಹುಸೇನಬಿ ಒಂದು ಲೋಟ ನೀರು ತಂದುಕೊಟ್ಟಳು. ಮಕ್ಕಳ ಬಾಯಲ್ಲಿ ಅವಳು ಚಾಚಿ.

"ಬಡಿಗ್ಯಾರ ಹುಡುಗಿ ಸಲುವಾಗಿ ಬಂದೀರಿ ಹೌದಿಲ್ಲೋ? ದೀಪಾವಳಿಕಿಂತ ಮದಲ ಎರಡೆರಡು ಸಲ ಸಾರು ಹಾಕಿಸ್ಕೊಂತಿತ್ತು. ಈಗ ನಾ ಸೌಟು ಎತ್ತೂದರಾಗ 'ಸಾಕ ಚಾಚಿ' ಅಂತೈತಿ. ಆ ದನಿ ಕೇಳಿದ್ರ ನನ್ನ ಕೈ ಅಲ್ಲೇ ನಿಂದರ್ತೈತ್ರೀ. ಇನ್ನೂ ಹತ್ತು ಹನ್ನೊಂದು ಮಕ್ಕಳು ಹಂಗ ಅದಾವು."

"ದೊಡ್ಡಕ್ಕೋರಿಗೆ ಹೇಳೀಯಿಲ್ಲೋ?"

"ಹೇಳಿದ್ದೆ. 'ನೀ ಅನ್ನ ನೋಡ್ಕೋ' ಅಂದ್ರು."

ನೀಲಾಂಬಿಕೆ ಲೋಟ ಕೆಳಗಿಟ್ಟಳು. ಹಾಜರಿಗೆ ತಾಲೀಮು ಇದೆ. 'ಸಾಕು' ಎನ್ನುವುದಕ್ಕೆ ಯಾರೂ ತಾಲೀಮು ಕೊಟ್ಟಿಲ್ಲ. ಇನ್ನಷ್ಟು ಹಾಕಲೇ ಎಂದು ಕೇಳಿದಾಗ ಮಗು ತನ್ನ ದನಿಯಲ್ಲೇ ಓಗೊಡುತ್ತದೆ. ಅವಳು ಚೀಲದಿಂದ ಬಿಡಿ ಕಿವಿಯೊಂದನ್ನು ತೆಗೆದು, ಊಟದ ಹೊತ್ತಿಗೆ ಎಚ್ಚರವಾಗುವಂತೆ ತಿರುವಿ, ಅನ್ನದ ಪಾತ್ರೆಯ ಹಿಂದೆ ಮೊರ ತೂಗುಹಾಕಿದ್ದ ಮೊಳೆಗೆ ನೇತುಹಾಕಿದಳು.

"ಒಂದು ವಾರ ಇರ್ಲಿ. ನೀ ಬಡಸೂವಾಗ ಒಬ್ಬೊಬ್ಬರ ಹೆಸರು ಹಿಡದು ಕೇಳು."

"ಹೆಸರು ಹಿಡೀದೆ ನಾ ಯಾವತ್ತು ಬಡಿಸೀನ್ರೀ?" ಎಂದಳು ಹುಸೇನಬಿ, ಸ್ವಲ್ಪ ನೊಂದುಕೊಂಡು.

ಅವತ್ತು ಸಂಜೆ ಮನೆಯಲ್ಲಿ ನೀಲಾಂಬಿಕೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು. ಗಂಡ ವಿರೂಪಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಅವಳು ಹೇಳಿದ್ದನ್ನೆಲ್ಲ ಕೇಳಿ ರೊಟ್ಟಿ ಮುರಿಯುತ್ತ ಅಂದ:

"ನಮ್ಮ ಡಿಪೋದಾಗೂ ಹಿಂಗ ಮಾಡಿದ್ರು. ಇಂಜಿನ್ ಕಾದ್ರ ಕೆಂಪು ದೀಪ ಹತ್ತತೈತಲ್ಲ? ದೀಪ ಹತ್ತಿದ ಗಾಡಿ ಎಷ್ಟು ಅಂತ ಮ್ಯಾಲಿನವರು ಲೆಕ್ಕ ಕೇಳಾಕ ಹತ್ತಿದ್ರು. ಇವ್ರು ದೀಪದ ವೈರೇ ಕಿತ್ತು ಬಿಟ್ರು."

"ಆಮ್ಯಾಲ?"

"ಆಮ್ಯಾಲೇನು? ಹೊಗಿ ಬಂದಾಗ ಗೊತ್ತಾತು."

ಮರುವಾರ ಸೋಮವಾರ ಕಿವಿಯನ್ನು ಬಿಚ್ಚಿಕೊಳ್ಳಲು ಹೋದಾಗ ಮಕ್ಕಳ ಊಟ ಮುಗಿದಿತ್ತು. ನಲ್ಲಿಕಟ್ಟೆಯಲ್ಲಿ ತನುಜಾ ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು. ತಟ್ಟೆ ಎಂದೋ ಬೆಳ್ಳಗಾಗಿತ್ತು, ಅವಳು ತಿಕ್ಕುತ್ತಲೇ ಇದ್ದಳು. ಅಪ್ಪಣೆ ಗಿಪ್ಪಣೆ ಹಾಳಾಗಿ ಹೋಗಲಿ ಎಂದು ನೀಲಾಂಬಿಕೆ ಹುಸೇನಬಿಯ ರಾಶಿಯಿಂದ ಒಂದು ಎಂಜಲು ಪಾತ್ರೆ ಎತ್ತಿಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಿಕ್ಕತೊಡಗಿದಳು. ಒಂದು ಮಾತೂ ಆಡಲಿಲ್ಲ. ಎರಡನೆಯ ಪಾತ್ರೆಗೆ ಹುಡುಗಿಯೇ ಬಾಯಿ ಬಿಟ್ಟಳು.

"ನೀವು ಕಿವಿ ಆಫೀಸಿನ ಅಕ್ಕಾರ ಅಲ್ರೀ?"

"ಹೌದವ್ವ. ನೀಲಕ್ಕ ಅನ್ನು."

"ನನಗೇನೂ ಆಗಿಲ್ರೀ. ಮನ್ಯಾಗ ಎಲ್ಲಾ ಚೊಲೊ ಅದಾರ. ಅಪ್ಪ ಬೈಯಂಗಿಲ್ಲ, ಅವ್ವ ಬಡಿಯಂಗಿಲ್ಲ. ಅದಕ್ಕ ಹೇಳಾಕ ನಾಚಿಕಿ." ಅವಳು ತಟ್ಟೆಯನ್ನು ತಿರುವಿ ಇನ್ನೊಂದು ಬದಿ ತಿಕ್ಕಿದಳು. "ಮುಂಜಾನೆ ಏಳಾಕ ಆಗಂಗಿಲ್ರೀ. ಯಾರರ ಮಾತಾಡಿದ್ರ ದೂರದಿಂದ ಕೇಳಿದಂಗ ಆಗತೈತಿ. ಒಮ್ಮೊಮ್ಮೆ ನಾ ಇರದಿದ್ರೂ ನಡೀತಿತ್ತು ಅನಸ್ತೈತಿ."

ನೀಲಾಂಬಿಕೆ ಪಾತ್ರೆ ಬದಿಗಿಟ್ಟಳು. ಕೇಳಲೇಬೇಕಾದ್ದನ್ನು ನೇರವಾಗಿಯೇ ಕೇಳಿದಳು: ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ? ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಸ್ವಲ್ಪ ತಡೆದು, "ಇನ್ನೂ ಇಲ್ರೀ," ಎಂದಳು.

"ನೀ ಹೇಳಿದ್ದು ಭಾಳ ಚೊಲೊ ಆತು. ಇದು ಜಡ್ಡು, ತಂಗಿ. ನೆಗಡಿ, ಕೆಮ್ಮು ಬಂದಂಗ ಬರತೈತಿ. ಔಷಧ ಐತಿ. ಹೋಗತೈತಿ."

"ನಾ ಕೆಂಪಾದ್ರ ಶಾಲೀ ಹೆಸರು ಕೆಡತೈತಿ ಅಲ್ರೀ? ದೊಡ್ಡಕ್ಕೋರು ಹೇಳ್ಯಾರ, ಒಬ್ಬರು ತಪ್ಪಿದ್ರ ಎಲ್ಲಾರ ಫಲಕ ಹೋಗತೈತಿ ಅಂತ."

ಹದಿಮೂರು ವರ್ಷದ ಮಗುವಿನ ಬೆನ್ನಿನ ಮೇಲೆ ಇಡೀ ಶಾಲೆಯ ಹಿತ್ತಾಳೆ ಫಲಕ ಹೊರಿಸಿದ್ದರು. "ಫಲಕ ಹಳ್ಳಕ್ಕ ಬೀಳ್ಲಿ," ಎಂದಳು ನೀಲಾಂಬಿಕೆ, ಅಂದುಕೊಂಡದ್ದಕ್ಕಿಂತ ಜೋರಾಗಿ. "ಹೆಸರು ಕರದಾಗ ನಿನಗ ಎಷ್ಟು ಹೊತ್ತು ಬೇಕೋ ಅಷ್ಟು ತಗೋ. ಅದು ನಿಂದು. ಯಾರದೂ ಅಲ್ಲ."

ಅಷ್ಟರಲ್ಲಿ ದೊಡ್ಡಕ್ಕೋರ ನೆರಳು ನಲ್ಲಿಕಟ್ಟೆಗೆ ಬಿತ್ತು. "ತನುಜಾ, ಒಳಗ ನಡಿ. ನಾಳೆ ವೇದಿಕೀ ಮ್ಯಾಲ ಹೇಳೋದೈತಿ, ಗಂಟಲಾ ಕೆಡಿಸ್ಕೋಬ್ಯಾಡ."

ಜಿಲ್ಲಾ ಕಚೇರಿಗೆ ಬಂದು ಅಡುಗೆಮನೆಯ ಕಿವಿಯನ್ನು ಜೋಡಿಸಿದ ಕೂಡಲೇ ಪರದೆಯಲ್ಲಿ ಹನ್ನೆರಡು ಗೆರೆ ಕೆಂಪಾದವು. ತನುಜಾಳದು ಎಲ್ಲಕ್ಕಿಂತ ಕೆಳಗಿತ್ತು. ನೀಲಾಂಬಿಕೆ ಅವನ್ನು ಹಾಳೆಗಳ ಮೇಲೆ ಅಚ್ಚು ಹಾಕಿ ಹಿಡಿದು ಗುಡಗುಂಟಿ ಸಾಹೇಬರ ಕೋಣೆಗೆ ನುಗ್ಗಿದಳು. ಅವರು ನಾಳೆಯ ಭಾಷಣ ತಿದ್ದುತ್ತಿದ್ದರು.

"ಕೂತ್ಕೊಳ್ರಿ ಮೇಡಂ. ಇದು ಎಲ್ಲಿ ಅಳೆದದ್ದು?"

"ಊಟದ ಸಾಲಿನಾಗ್ರೀ."

"ಊಟದ ಸಾಲು ಅಂತ ಮಾರ್ಗಸೂಚಿಯಲ್ಲಿ ಎಲ್ಲಿದೆ?" ಅವರು ಹಾಳೆಗಳನ್ನು ಅಂಚು ಸರಿಹೊಂದಿಸಿ ಹಿಂದಕ್ಕೆ ಸರಿಸಿದರು. "ಅಧಿಕೃತವಾಗಿ ಜಿಲ್ಲೆಯಲ್ಲಿ ಕೆಂಪು ಶೂನ್ಯ. ರಾಜ್ಯದಲ್ಲೇ ಮೊದಲು. ನಾಳೆ ಮಂತ್ರಿಗಳ ಮುಂದೆ ನೇರ ಪ್ರಾತ್ಯಕ್ಷಿಕೆ. ಆ ಹುಡುಗಿ ಒಂದು ಸಲ 'ಹಾಜರ್' ಅಂದರೆ ಸಾಕು, ತಕ್ಷಣ ಹಸಿರು ದೀಪ ಹತ್ತುವಂತೆ ಯಂತ್ರ ಬದಲಾಯಿಸಿದ್ದೇವೆ. ಸರಾಸರಿ ಗಿರಾಸರಿ ಇಲ್ಲ, ಒಂದೇ ಉತ್ತರಕ್ಕೆ ಬಣ್ಣ, ನೇರವಾಗಿ ದಾಖಲೆಗೆ."

"ಹನ್ನೆರಡು ಮಕ್ಕಳು ಸಾರ್. ಒಂದು ಕೂಸು ಇವತ್ತು ನನ್ನ ಮುಂದ ಬಾಯಿಬಿಟ್ಟು ಹೇಳೈತಿ."

"ಅನುಮತಿ ಇಲ್ಲದೆ ಮಾತಾಡಿಸಿದ್ದೀರಿ ಅಂತಾಯ್ತು. ಅದನ್ನ ನಾನು ಕೇಳಿಲ್ಲ ಅಂದ್ಕೊಳ್ತೀನಿ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಇನ್ನೊಂದು ವಿಷಯ. ಜಿಲ್ಲೆಗೆ ಹನ್ನೆರಡು ಸಮಾಲೋಚಕರ ಹುದ್ದೆ, ತುಂಬಿರೋದು ಎರಡು. ಕೆಂಪೇ ಇಲ್ಲ ಅಂದಮೇಲೆ ಆ ಎರಡೂ ಯಾಕೆ ಅಂತ ಮೇಲಿಂದ ಕೇಳ್ತಿದ್ದಾರೆ. ಸ್ವಲ್ಪ ಯೋಚನೆ ಮಾಡಿ."

ನೀಲಾಂಬಿಕೆ ಹಲ್ಲು ಕಡಿದುಕೊಂಡು ಹೊರಬಂದಳು. ಬಾಗಿಲನ್ನು ಬೇಕೆಂದೇ ಧಡಾರನೆ ಹಾಕಿದಳು. ಅಷ್ಟೂ ಮಾಡದಿದ್ದರೆ ಎದೆ ಒಡೆಯುತ್ತಿತ್ತು.

ಸಂಜೆ ಅವಳು ಬಡಿಗೇರರ ಮನೆಗೆ ಹೋದಳು. ಅಂಗಳದಲ್ಲಿ ಅರ್ಧ ಕೆತ್ತಿದ ಬಾಗಿಲ ಚೌಕಟ್ಟು, ಹೊಸ್ತಿಲವರೆಗೂ ಹೊಟ್ಟು. ತನುಜಾಳ ತಾಯಿ ಕಸ್ತೂರಿ ಚಹಾ ಕಾಸಿಕೊಟ್ಟಳು. ನೀಲಾಂಬಿಕೆ ಎಲ್ಲವನ್ನೂ ಹೇಳಿದ ಮೇಲೆ ಆ ತಾಯಿ ಎದ್ದು ಹೋಗಿ ದೇವರ ಗೂಡಿನ ಪಕ್ಕ ಅಂಟಿಸಿದ್ದ ಹಸಿರು ಕಾರ್ಡನ್ನು ಕಿತ್ತು ತಂದು ಅವಳ ಮುಂದೆ ಇಟ್ಟಳು.

"ಎರಡು ತಿಂಗಳಿಂದ ನನ್ನ ಹೊಟ್ಟಿಯೊಳಗ ಕಳವಳ ಇತ್ರೀ. ಕೂಸು ಹಿಂಗ್ಯಾಕ ಕುಂದರ್ತೈತಿ ಅಂತ ಇವ್ರ ಮುಂದ ಹೇಳ್ಕೊಂಡು ಅತ್ತೀನಿ. ಈ ಕಾರ್ಡ್ ಬಂದ್ ಮ್ಯಾಲ, ನಾನ ಹುಚ್ಚಿ, ಶಾಣ್ಯಾರು ನೋಡಿ ಹೇಳ್ಯಾರಲ್ಲ ಅಂತ ಸುಮ್ಮಾದೆ. ಹಸಿರು ಕೊಟ್ಟಾವ್ರು ನೀವ ಅಲ್ರೀ?"

ನೀಲಾಂಬಿಕೆ ಕಾರ್ಡನ್ನು ಕೈಗೆತ್ತಿಕೊಂಡಳು. ಗುಡಗುಂಟಿಯ ಮೇಲೆ, ದೊಡ್ಡಕ್ಕೋರ ಮೇಲೆ ಇದ್ದ ಸಿಟ್ಟೆಲ್ಲ ಒಮ್ಮೆಲೇ ತಿರುಗಿ ಅವಳ ಮೇಲೆಯೇ ಬಿತ್ತು. ತಾಯಿಯ ಕರುಳಿಗೆ ಸರಿಯಾಗಿಯೇ ಗೊತ್ತಾಗಿತ್ತು. ಅದರ ಬಾಯಿ ಮುಚ್ಚಿಸಿದ್ದು ಈ ಚೀಟಿ.

"ನಮ್ಮದ ತಪ್ಪು, ಕಸ್ತೂರವ್ವ," ಎಂದಳು. "ನಿಮ್ಮ ಕಳವಳನ ಖರೆ. ಇವತ್ತು ಆಕಿ ಮಗ್ಗಲ್ದಾಗ ಮಲಕ್ಕೋರಿ. ಒಬ್ಬಾಕಿನ ಬಿಡಬ್ಯಾಡ್ರಿ. ಬುಧವಾರ ನಾನ ನಿಮ್ಮ ಜೋಡಿ ದವಾಖಾನಿಗೆ ಬರ್ತೀನಿ, ಪತ್ರ ಇರ್ಲಿ ಬಿಡ್ಲಿ."

ಕಸ್ತೂರಿ ತಲೆಯಾಡಿಸಿದಳು. ಕಾರ್ಡನ್ನು ಮತ್ತೆ ಗೋಡೆಗೆ ಅಂಟಿಸಲಿಲ್ಲ.

ಮಂಗಳವಾರ ಶಾಲೆಯ ಬಯಲಿನಲ್ಲಿ ಶಾಮಿಯಾನ, ಬಾಳೆಕಂಬ, ಧ್ವನಿವರ್ಧಕ. ವೇದಿಕೆಯ ಹಿಂದೆ ದೊಡ್ಡ ಪರದೆ: 'ಜಿಲ್ಲೆಯ ಒಟ್ಟು ಕೆಂಪು: ೦'. ಪಕ್ಕದಲ್ಲಿ ಊಟದ ತಟ್ಟೆಯಷ್ಟು ಅಗಲದ ದೀಪ. ಗುಡಗುಂಟಿ ಸಾಹೇಬರು ಶೂನ್ಯದ ಮಹಿಮೆ ಹೊಗಳಿ ಕೂತರು. ಮಂತ್ರಿಗಳು ವಾಚು ನೋಡಿಕೊಂಡರು. ನೀಲಾಂಬಿಕೆಯ ಚೀಲದಲ್ಲಿ ಅಡುಗೆಮನೆಯ ಕಿವಿ ಇತ್ತು. ಹನ್ನೆರಡು ಮಕ್ಕಳ 'ಸಾಕು' ಅದರಲ್ಲಿತ್ತು. ಎದ್ದು ಹೋಗಿ ಮೈಕಿಗೆ ಹಿಡಿದುಬಿಡಲೇ ಎಂದು ಹತ್ತು ಸಲ ಅನ್ನಿಸಿತು. ಹತ್ತು ಸಲವೂ ತಡೆದುಕೊಂಡಳು. ಆ ದನಿಗಳು ಇದ್ದದ್ದು ಅವಳ ಸಿಟ್ಟು ತೀರಿಸಿಕೊಳ್ಳುವುದಕ್ಕಲ್ಲ.

ವೇದಿಕೆಯ ಮೇಲೆ ಐದು ಮಕ್ಕಳು ಸಾಲಾಗಿ ನಿಂತಿದ್ದರು, ತನುಜಾ ಮೊದಲನೆಯವಳು. ದೊಡ್ಡಕ್ಕೋರು ಹೊಸ ರೇಷ್ಮೆ ಸೀರೆಯಲ್ಲಿ ಮೈಕಿನ ಮುಂದೆ ಬಂದು ಹಾಜರಿ ಪುಸ್ತಕ ತೆರೆದರು.

"ತನುಜಾ ಬಡಿಗೇರ!"

ಉತ್ತರ ಬರಲಿಲ್ಲ.

ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಜನರ ನಡುವೆ ಹುಡುಕಿ ನೀಲಾಂಬಿಕೆಯನ್ನು ಕಂಡಳು. ಎಷ್ಟು ಹೊತ್ತು ಬೇಕೋ ಅಷ್ಟು ತೆಗೆದುಕೊಂಡಳು. ದೊಡ್ಡಕ್ಕೋರು ಹಲ್ಲಿನ ಸಂದಿಯಲ್ಲೇ "ಅನ್ನು, ಲಗೂನ ಅನ್ನು" ಎಂದದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತು. ದೀಪ ಹಳದಿಯಾಯಿತು. ಕೊನೆಗೆ ಸಣ್ಣ, ದಣಿದ, ತಾಲೀಮಿಲ್ಲದ ದನಿಯೊಂದು "ಅದೀನ್ರಿ" ಎಂದಿತು. ದೀಪ ಕೆಂಪಾಯಿತು. ಪರದೆಯ ಮೇಲಿನ ಸೊನ್ನೆ ಹೋಗಿ ಒಂದು ಬಂತು.

ಗುಡಗುಂಟಿ ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ತಾಂತ್ರಿಕ ದೋಷ, ತಾಂತ್ರಿಕ ದೋಷ. ಮೇಡಂ, ನೀವೆಲ್ಲಿಗೆ? ಕೂತ್ಕೊಳ್ರಿ!"

ನೀಲಾಂಬಿಕೆ ಆಗಲೇ ಮೆಟ್ಟಿಲು ಹತ್ತಿದ್ದಳು. "ಕೆಂಪು ಬಿದ್ದೈತಿ ಸಾರ್. ದಾಖಲೆ ಆಗೈತಿ. ಇಪ್ಪತ್ನಾಲ್ಕು ತಾಸಿನೊಳಗ ಕಾಣಬೇಕು, ಯಾರ ಅಪ್ಪಣೀನೂ ಬ್ಯಾಡ. ನಿಮ್ಮ ಮಾರ್ಗಸೂಚ್ಯಾಗ ಐತಿ, ಓದ್ಕೋರಿ." ಮೈಕ್ ಹತ್ತಿರವೇ ಇತ್ತು. ಅವಳೇನೂ ದನಿ ತಗ್ಗಿಸಲಿಲ್ಲ. ಹುಡುಗಿಯ ಕೈ ಹಿಡಿದು ಇಳಿಸಿಕೊಂಡು ಎಲ್ಲರ ಕಣ್ಣೆದುರಿಗೇ ನಲ್ಲಿಕಟ್ಟೆಯ ಕಡೆ ನಡೆದಳು. ಹಿಂದಿನ ಸಾಲಿನಿಂದ ಕಸ್ತೂರಿ ಎದ್ದು ಬಂದಳು. ಹುಸೇನಬಿ ಒಂದು ಗೋಣಿತಟ್ಟು ಹಾಸಿದಳು.

ಅತ್ತ ಮಾನ ಉಳಿಸಿಕೊಳ್ಳುವ ಅವಸರದಲ್ಲಿ ದೊಡ್ಡಕ್ಕೋರು ಮುಂದಿನ ಹೆಸರು ಕೂಗಿದರು. "ಮಹಾಂತೇಶ ತಳವಾರ!"

ನೀಲಾಂಬಿಕೆ ಅಭ್ಯಾಸಬಲದಿಂದ ಎಣಿಸತೊಡಗಿದಳು. ಒಂದು, ಎರಡು, ಮೂರು. ಮಹಾಂತೇಶ ಆ ಹನ್ನೆರಡರಲ್ಲಿ ಒಬ್ಬ.

"ಅಂವನೂ ಲಗೂನ ಅನ್ನಂಗಿಲ್ರೀ," ಎಂದಳು ತನುಜಾ, ತಾಯಿಯ ತೋಳಿಗೆ ಒರಗಿಕೊಂಡು. "ಅಂವಂದು ನನಗ ಗೊತ್ತಿತ್ತು, ನಂದು ಅಂವಗ ಗೊತ್ತಿತ್ರೀ. ದಿನಾ ಹೆಸರು ಕರೀತಿದ್ರು. ಹೆಂಗದೀಯವ್ವ ಅಂತ ಯಾ ಅಕ್ಕೋರೂ ಕೇಳ್ತಿರಲಿಲ್ಲ."

ಪರದೆಯ ಮೇಲೆ ಎರಡು ಬಂತು. ಮೈಕಿನಲ್ಲಿ ಮೂರನೆಯ ಹೆಸರು ಕೇಳಿಬಂತು. ಹನ್ನೆರಡು ಮಕ್ಕಳಿಗೆ, ಹನ್ನೆರಡು ವಾರದಂತೆ, ಜಿಲ್ಲೆಗೆ ಇರುವ ಇಬ್ಬರೇ ಇಬ್ಬರು ಎಲ್ಲಿ ಸಾಲುತ್ತಾರೆ ಎಂದು ನೀಲಾಂಬಿಕೆಯ ಸಿಟ್ಟು ಮತ್ತೆ ಕುದಿಯತೊಡಗಿತು. ಅವಳು ಹುಸೇನಬಿಗೆ ಇನ್ನೊಂದು ಗೋಣಿತಟ್ಟು ತರಲು ಹೇಳಿ, ಹುಡುಗಿಯ ಕಡೆ ತಿರುಗಿ ಕೂತಳು.

"ಹೆಂಗದೀಯವ್ವ?" ಎಂದು ಕೇಳಿ, ಕಾದಳು.